ಗೋಂದಿನ ನೀರು

ಎರಂಡವಣೆಯ ಕಾಲೇಜು, ಹಿಂದಿನ ಶೆಡ್ಡು.
ಬಾಲಕ್ಕೆ ಹಳದಿ ಗೆರೆ: ಒಂದು, ಎರಡು, ಮೂರು.
ಇಲಿಗೆ ಹೆಸರಿಡಬೇಡ ಅಂದಿದ್ದರು ಗೈಡು.
ಇಟ್ಟಿಲ್ಲ. ಆದರೂ ಮೂರು ಗೆರೆಯದು
ನನ್ನ ಬಳೆಯ ಸದ್ದಿಗೇ ಮೂತಿ ಎತ್ತುತ್ತದೆ.

ಮಧುನಾಶಿನಿ. ಸಿಂಹಗಡದ ಇಳಿಜಾರಲ್ಲಿ ಕಿತ್ತು
ನೆರಳಲ್ಲಿ ಒಣಗಿಸಿ, ಕುಟ್ಟಿ, ಸ್ಪಿರಿಟ್ಟಿನಲ್ಲಿ ನೆನೆಸಿ
ಇಳಿಸಿದ ಕಡುಹಸಿರು ಅಂಟು.
ಒಂದು ಎಲೆ ನಾನೂ ಜಗಿದೆ:
ಆಮೇಲೆ ಬಾಯಿಗಿಟ್ಟ ಸಕ್ಕರೆ
ಮುಠಾ ನದಿಯ ಮರಳು.

ಒಂದು ಗುಂಪಿಗೆ ಎಲೆಯ ಸಾರ,
ಒಂದಕ್ಕೆ ಅಂಗಡಿಯ ಮಾತ್ರೆ,
ಇನ್ನೊಂದಕ್ಕೆ, ಕಾಯಿಲೆ ನಾವೇ ಕೊಟ್ಟೂ,
ಬರೀ ಗೋಂದಿನ ನೀರು.
ಮೂರು ಗೆರೆಯದು ಅದರಲ್ಲಿ.

ಇಪ್ಪತ್ತೊಂದನೆಯ ದಿನ, ಬಾಲದ ತುದಿಯ ಹನಿಗೆ
ಮೀಟರು ಹೇಳಿತು: ನಾನೂರ ಹದಿನಾರು.
ಸಾರ ಕುಡಿದವಕ್ಕೆ ನೂರ ಅರವತ್ತರ ಆಸುಪಾಸು.
ಖುಷಿಯಾಯಿತು. ಸುಳ್ಳೇಕೆ, ತುಂಬ ಖುಷಿಯಾಯಿತು.

ಪಂಜರ ತೊಳೆಯುವ ಚನಮಲ್ಲಪ್ಪ ಅಕ್ಕಲಕೋಟೆಯವ,
ಇಲ್ಲಿ ನನ್ನೊಡನೆ ಮಾತ್ರ ಕನ್ನಡ.
ಉಳಿದ ಒಂದು ಸ್ಟ್ರಿಪ್ಪಿಗೆ ತನ್ನ ಬೆರಳು ಒಡ್ಡಿದ.
ಮುನ್ನೂರ ನಾಲ್ಕು.
"ದವಾಖಾನ್ಯಾಗ ಬಿಳೀ ಗುಳಗಿ ಕೊಡ್ತಾರ್ರಿ ಅಕ್ಕಾರ,
ಆರು ತಿಂಗಳಾತು ನುಂಗಾಕತ್ತು.
ನಾ ಯಾವ ಗುಂಪಿನಾಂವ್ರಿ?"

ನಕ್ಕೆ. ಅವನು ನಗಲಿಲ್ಲ.

ಮರುದಿನ ಬಾಟಲಿಯಲ್ಲಿ ಸಾರ
ಒಂದು ಬೆರಳಷ್ಟು ಇಳಿದಿತ್ತು.
ರಿಜಿಸ್ಟರಿನಲ್ಲಿ "ಚೆಲ್ಲಿತು" ಎಂದು ಬರೆದೆ,
ಕೆಳಗೆ ನನ್ನದೇ ಸಹಿ.
ಅವನ ಬೆರಳನ್ನು ಮತ್ತೆ ಕೇಳಲಿಲ್ಲ;
ಒಬ್ಬನ ಲೆಕ್ಕಕ್ಕೆ ನಮ್ಮಲ್ಲಿ ಕೋಷ್ಟಕವಿಲ್ಲ.

ಇಪ್ಪತ್ತೆಂಟಕ್ಕೆ ಎಲ್ಲವನ್ನೂ ಮಲಗಿಸಬೇಕು,
ಸಾರವೋ, ಮಾತ್ರೆಯೋ, ಗೋಂದೋ.
ಪೂರ್ತಿ ರಕ್ತ ಬೇಕು, ಯಕೃತ್ತು ಬೇಕು,
ಕೊಬ್ಬಿನ ಅಂಕಿ ಬೇಕು.

ಅವತ್ತು ಬೆಳಿಗ್ಗೆ
ಬಳೆ ಬಿಚ್ಚಿಟ್ಟು ಬಂದೆ.