ಕರಿದ ಎಣ್ಣೆಯ ಖಾತೆ

ಬೈಕಂಪಾಡಿಯ ಶೆಡ್ಡಿಗೆ ಬೆಳಗ್ಗೆ ಆರಕ್ಕೆ
ಇದಿನಬ್ಬನ ಟೆಂಪೋ ಬರುತ್ತದೆ. ಇಪ್ಪತ್ತೆರಡು ಡಬ್ಬ.
ಚೀಟಿ ನೋಡದೆ ಹೇಳಬಲ್ಲೆ:
ಇದು ಹಂಪನಕಟ್ಟೆಯ ಗೋಳಿಬಜೆ,
ಇದು ಬಂದರಿನ ಬಂಗುಡೆ, ತಳದಲ್ಲಿ ಮೆಣಸಿನ ಮಸಾಲೆ,
ಇದು ಮದುವೆ ಹಾಲಿನದ್ದು,
ಒಂದೇ ದಿನ ಕಾದದ್ದು, ಇನ್ನೂ ಚಿನ್ನದ ಬಣ್ಣ.
ಮೂಗು ನನ್ನ ಮೊದಲ ಯಂತ್ರ.
ಇದರ ಮೇಲೆ ಸಾಲವಿಲ್ಲ.

ಮೊದಲ ವರ್ಷ ಹೋಟೆಲಿನವರು ಬೇಡಿಕೊಂಡರು:
ಒಮ್ಮೆ ಕೊಂಡುಹೋಗಿ ಮಾರಾಯ್ರೆ, ಚರಂಡಿ ಕಟ್ಟಿದೆ.
ಎರಡನೇ ವರ್ಷ ಲೀಟರಿಗೆ ಹದಿನೆಂಟು ಕೇಳಿದರು.
ಈಗ ಗುರುದತ್ತ ಮಲ್ಯರು ಗಲ್ಲದಲ್ಲಿ ಕೂತು
ನಾಣ್ಯ ಎಣಿಸುತ್ತಲೇ ಅನ್ನುತ್ತಾರೆ, ‘ಐವತ್ತೆರಡು.
ಬೇರೆಯವರು ಐವತ್ತೈದು ಕೊಡ್ತಾರೆ.’

ಬೇರೆಯವರು ಯಾರೆಂದು ನಮಗಿಬ್ಬರಿಗೂ ಗೊತ್ತು.
ಬೋರ್ಡಿಲ್ಲ, ಬಿಲ್ಲಿಲ್ಲ,
ಒಂದು ಪಂಚೆ ತುಂಡಿನಲ್ಲಿ ಸೋಸಿ
ಸಂಜೆಯ ಗಾಡಿಗಳಿಗೆ ಹಂಚುತ್ತಾರೆ.
ನಾನು ಬೆಂಕಿಗೆ ಕೊಡುವುದನ್ನು ಅವರು ಹೊಟ್ಟೆಗೆ ಕೊಡುತ್ತಾರೆ.
ಹೊಟ್ಟೆಗೆ ಮೂರು ರೂಪಾಯಿ ಹೆಚ್ಚು.

ಕಸಕ್ಕೆ ಬೆಲೆ ಬಂದ ದಿನ ಅದು ಕಸವಲ್ಲ.
ನಲವತ್ತು ಪುಟದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ
ಈ ಒಂದು ಸಾಲು ಇರಲಿಲ್ಲ.

ಮಲ್ಪೆಯಲ್ಲಿ ವಾಮನ ತಿಂಗಳಾಯರು
ಧೈರ್ಯ ಮಾಡಿ ಬೋಟಿಗೆ ನನ್ನ ಎಣ್ಣೆ ತುಂಬಿಸಿದರು,
ಡೀಸೆಲಿಗೆ ಐದರಲ್ಲೊಂದು ಪಾಲು.
ಮೂರನೇ ದಿನ ನಡುಕಡಲಲ್ಲಿ ಇಂಜಿನ್ ಕೆಮ್ಮಿ ನಿಂತಿತು.
ದಕ್ಕೆಯಲ್ಲಿ ಎಲ್ಲರೆದುರು ಫಿಲ್ಟರ್ ಬಿಚ್ಚಿ
ನನ್ನ ಕಾಲಬುಡದಲ್ಲಿ ಇಟ್ಟರು: ಕಪ್ಪು ಲೋಳೆ.
ಅದು ನನ್ನದಲ್ಲ. ಹನ್ನೆರಡು ವರ್ಷ
ಟ್ಯಾಂಕಿನ ಗೋಡೆಗೆ ಅಂಟಿ ಕೂತ ಡೀಸೆಲಿನ ಕೊಳೆ.
ನನ್ನ ಎಣ್ಣೆ ಅದನ್ನು ತೊಳೆದು ತಂದಿತ್ತು.
ತೊಳೆದವಳ ಮೇಲೆಯೇ ಕೊಳೆಯ ಅಪವಾದ.
ವಾದಿಸಲಿಲ್ಲ. ಮರುದಿನ ಆರು ಫಿಲ್ಟರ್ ಒಯ್ದೆ,
ದುಡ್ಡು ಕೇಳಲಿಲ್ಲ.

ಈಗ ತಿಂಗಳಾಯರ ದೂರು ಒಂದೇ:
‘ಹೊಗೆಗೆ ಕರಿದ ಪರಿಮಳ ಬಾಯಮ್ಮ,
ಇಪ್ಪತ್ತು ಮಾರು ನೀರಿನ ಮೇಲೆ
ಹೊತ್ತಲ್ಲದ ಹೊತ್ತಿಗೆ ಹುಡುಗರಿಗೆ ಹಸಿವು.’

ಬ್ಯಾಂಕಿನವರು ಕಾಗದದ ಮೇಲೆ ಬಾಣ ಬರೆದರು,
ಎಡದಿಂದ ಬಲಕ್ಕೆ, ಮೇಲಕ್ಕೆ.
ಇನ್ನೊಂದು ಕೊಪ್ಪರಿಗೆ ಹಾಕಿ, ಸಾಮರ್ಥ್ಯ ದುಪ್ಪಟ್ಟು.
ಹೇಳಿದೆ: ಜೂನ್ ಬಂದರೆ ಬೋಟುಗಳು ಹಗ್ಗ ಕಟ್ಟಿ ಮಲಗುತ್ತವೆ,
ಎರಡು ತಿಂಗಳು ಕಡಲಿಗೆ ರಜೆ.
ಅದೇ ಎರಡು ತಿಂಗಳು ಊರಿಗೆ ಊರೇ
ಮಳೆ ನೋಡುತ್ತಾ ಕರಿದದ್ದು ತಿನ್ನುತ್ತದೆ.
ಎಣ್ಣೆ ನೆರೆಯಂತೆ ಬರುತ್ತದೆ, ಅಳಿವೆ ಮುಚ್ಚಿರುತ್ತದೆ.
‘ಇದನ್ನು ಗ್ರಾಫಿನಲ್ಲಿ ಹೇಗೆ ತೋರಿಸುವುದು, ಮಿಸೆಸ್ ಲೋಬೊ?’
ನನಗೂ ಗೊತ್ತಿರಲಿಲ್ಲ.

ಉಪಾಯ ಹೊಳೆದದ್ದು ನನಗಲ್ಲ.
ತುಂಬಿದ ಡ್ರಮ್ಮುಗಳ ನಡುವೆ ಕಾಲಿಡಲು ಜಾಗ ಹುಡುಕುತ್ತಾ
ಇದಿನಬ್ಬ ಸುಮ್ಮನೆ ಅಂದ:
‘ಮಳೆಗಾಲದಲ್ಲಿ ಬೋಟು ಇಲ್ಲ, ಸರಿ.
ಕರೆಂಟು ಉಂಟಾ?’

ಮಲ್ಯರ ಬಳಿ ಹೋಗಿ ಕೂತೆ.
ಐವತ್ತೆರಡೂ ಬೇಡ, ಐವತ್ತೈದೂ ಬೇಡ.
ನಿಮ್ಮ ಹತ್ತು ಡಬ್ಬ ನನಗೆ, ನನ್ನ ಮೂರು ಡಬ್ಬ ನಿಮಗೆ,
ಹಿತ್ತಲ ಜನರೇಟರಿಗೆ. ಫಿಲ್ಟರ್ ನನ್ನದು.
ಅವರು ನಾಣ್ಯ ಎಣಿಸುವುದನ್ನು ನಿಲ್ಲಿಸಿದರು.
ಒಂದು ಚಾ ಬಂತು, ನಾನು ಕೇಳದೆ.

ಹನ್ನೊಂದು ಹೋಟೆಲು, ಎರಡು ನರ್ಸಿಂಗ್ ಹೋಮ್.
ಕೊಪ್ಪರಿಗೆ ಇನ್ನೂ ಒಂದೇ.
ಈ ತಿಂಗಳೂ ಖಾತೆಯ ಕೊನೆಯಲ್ಲಿ ಕೆಂಪು ಶಾಯಿ,
ಆದರೆ ಮೊದಲಿಗಿಂತ ಗಿಡ್ಡ ಅಂಕೆ.

ನಿನ್ನೆ ಸಂಜೆ ಗುಡುಗಿಗೆ ಊರು ಕತ್ತಲಾಯಿತು.
ಮಲ್ಯರ ಹಿತ್ತಲಲ್ಲಿ ಜನರೇಟರ್ ಗುರುಗುಟ್ಟಿತು,
ಓಣಿಯಿಡೀ ಗೋಳಿಬಜೆಯ ಪರಿಮಳ.
ಕೊಡೆ ಮಡಚಿ ಜನ ಒಳಗೆ ಬಂದು
ಬಿಸಿಬಿಸಿ ಎರಡು ಪ್ಲೇಟು ಕೇಳಿದರಂತೆ.
ಮಲ್ಯರು ಫೋನು ಮಾಡಿ ಬೈದರು:
ಬಾಣಲೆ ಇನ್ನೂ ಒಲೆಗೇ ಇಟ್ಟಿರಲಿಲ್ಲ.