ಸುಂಕದವರ ಮುಂದೆ

ಗಂಟೆ ನನ್ನ ಕೈಯಲ್ಲಿದೆ.
ಒಬ್ಬೊಬ್ಬರಿಗೆ ಮೂರೇ ನಿಮಿಷ.
ಹಸಿರು ದೀಪ, ಹಳದಿ ದೀಪ, ಕೆಂಪು,
ಆಮೇಲೆ ಗುಂಡಿ ಒತ್ತುತ್ತೇನೆ.
ಹದಿನೆಂಟು ಚಳಿಗಾಲದಿಂದ ಇದೇ ಕೆಲಸ:
ನಗರಸಭೆಯ ಗುಮಾಸ್ತೆ, ನಡಾವಳಿ ಬರೆಯುವವಳು.

ಹೊರಗೆ ಸುಪೀರಿಯರ್ ಸರೋವರ
ದಡದಿಂದ ಕಣ್ಣು ಹಾಯುವವರೆಗೂ ಹೆಪ್ಪುಗಟ್ಟಿದೆ.
ಒಳಗೆ ಹೀಟರು ಕೆಮ್ಮುತ್ತದೆ.
ಎಂಟು ಸದಸ್ಯರು, ಎಂಟು ನೀರಿನ ಬಾಟಲಿ,
ಇನ್ನೂರ ಹನ್ನೆರಡು ಪುಟದ ಬಜೆಟ್ಟು.
ತೆರಿಗೆ ನೂರಕ್ಕೆ ಆರೂಕಾಲು ಏರುತ್ತದಂತೆ.
ಕಾಲು ಯಾಕೆ ಅಂತ ಯಾರೂ ಕೇಳಲಿಲ್ಲ.

ಮೊದಲು ಐಲಿ ಕೊಸ್ಕೆಲಾ, ವಯಸ್ಸು ಎಪ್ಪತ್ತೊಂಬತ್ತು.
ಮೈಕು ಅವಳಿಗಿಂತ ಎತ್ತರ.
"ಹಿಮ ಗೋರುವ ಲಾರಿ ಮೂರನೇ ದಿನ ಬಂತು.
ಬಂದು, ಬೀದಿಯ ಹಿಮವನ್ನೆಲ್ಲ
ನನ್ನ ಗೇಟಿನ ಮುಂದೆ ಗುಡ್ಡೆ ಹಾಕಿ ಹೋಯಿತು.
ಇದಕ್ಕೆ ನಾನು ನಿಮಗೆ ದುಡ್ಡು ಕೊಡುವುದೋ,
ನೀವು ನನಗೋ?"
ಸಭೆ ನಕ್ಕಿತು. ಅವಳು ನಗಲಿಲ್ಲ.
ಗುದ್ದಲಿ ಹಿಡಿದು ಹಿಡಿದು ಬೆರಳು
ಮಡಿಸಿಕೊಂಡೇ ಇದ್ದವು.

ಬ್ರೆಡ್ಡಿನಂಗಡಿಯ ರೆಂಜೊ ಬತ್ತಿಜೆಲ್ಲಿ
ಹಿಟ್ಟಿನ ಚೀಲದ ಹಿಂದೆ ಲೆಕ್ಕ ಬರೆದು ತಂದಿದ್ದ.
ಹಾಕಿ ಮೈದಾನಕ್ಕೆ ಹೊಸ ಚಾವಣಿ, ದಂಡ ಖರ್ಚು,
ಅಂತ ಮೇಜು ಗುದ್ದಿದ. ಆಮೇಲೆ, ಸಣ್ಣ ದನಿಯಲ್ಲಿ,
"ನನ್ನ ಮೊಮ್ಮಗಳು ಅಲ್ಲೇ ಆಡುತ್ತಾಳೆ,
ಮಳೆಗೆ ಸೋರುತ್ತದೆ, ಅದೂ ನಿಜ."
ಇನ್ನೂ ಒಂದು ನಿಮಿಷ ಬಾಕಿಯಿತ್ತು.
ಚೀಲ ಮಡಚಿಕೊಂಡು ಹೋಗಿ ಕೂತ.

ಮಾರಿವಿಕ್ ದುಮಾಲಗ್, ವೃದ್ಧಾಶ್ರಮದ ರಾತ್ರಿಪಾಳಿ.
"ಬೇಕಾದರೆ ಏರಿಸಿ. ಹತ್ತಾದರೂ ಏರಿಸಿ.
ಹನ್ನೊಂದರ ಬಸ್ಸು ಮಾತ್ರ ನಿಲ್ಲಿಸಬೇಡಿ.
ಮೈನಸ್ ಇಪ್ಪತ್ತಾರರಲ್ಲಿ ನಾಲ್ಕು ಕಿಲೋಮೀಟರು
ನಡೆದು ನೋಡಿದ್ದೇನೆ. ಕಣ್ರೆಪ್ಪೆ ಅಂಟಿಕೊಳ್ಳುತ್ತದೆ."
ಹಿಂದಿನ ಸಾಲಿನಿಂದ ಯಾರೋ ಕೂಗಿದರು:
"ನಿನಗೆ ಸ್ವಂತ ಮನೆ ಇದೆಯಾ, ತೆರಿಗೆ ಕಟ್ಟೋಕೆ?"
ಅಧ್ಯಕ್ಷರು ಸುತ್ತಿಗೆ ಬಡಿದರು.
ಅದು ನಡಾವಳಿಯಲ್ಲಿ ಬರುವುದಿಲ್ಲ.

ಒಬ್ಬ ಹುಡುಗ, ಹನ್ನೊಂದು ವರ್ಷ:
ಶನಿವಾರ ಲೈಬ್ರರಿ ಮುಚ್ಚಬಾರದು, ಅಷ್ಟೇ, ಅಂದ.
ನಲವತ್ತು ಸೆಕೆಂಡು.
"ಉಳಿದದ್ದು ಆ ಅಜ್ಜಿಗೆ ಕೊಡಬಹುದಾ?"
ನಿಯಮದಲ್ಲಿ ಅವಕಾಶವಿಲ್ಲ, ಅಂದೆ.
ನಾನೇ ಅಂದೆ.

ಕೊನೆಗೆ ವರ್ನಾ ಮಿಚಾನೊ.
ಅವಳು ಮಾತಾಡಲಿಲ್ಲ ಅಂತಲೇ ಹೇಳಬೇಕು.
ಕೋಟಿನೊಳಗಿಂದ ಉಪ್ಪಿನಕಾಯಿ ಭರಣಿಯೊಂದನ್ನು ತೆಗೆದು
ಎಂಟು ಬಾಟಲಿಗಳ ನಡುವೆ ಇಟ್ಟಳು.
ಅವಳ ನಲ್ಲಿಯ ನೀರು. ಹಾಲಿಲ್ಲದ ಚಹಾದ ಬಣ್ಣ.
"ಕುಡಿಯಿರಿ ಅನ್ನುವುದಿಲ್ಲ. ನೋಡಿ ಸಾಕು."
ಖಜಾಂಚಿ ಪುಟ ತಿರುವಿದರು:
ಆ ಬೀದಿಯ ಕೊಳವೆ ಅನುಬಂಧದಲ್ಲಿದೆ,
ಇನ್ನೂ ಐದು ವರ್ಷಕ್ಕೆ.
ಕೆಂಪು ದೀಪ ಬಂತು.
ನನ್ನ ಬೆರಳು ಗುಂಡಿಯ ಮೇಲೆ ಹಾಗೇ ಇತ್ತು,
ಅವಳೇ ತಿರುಗಿ ಹೋದಳು.

ಐದಕ್ಕೆ ಮೂರು. ಬಜೆಟ್ಟು ಪಾಸಾಯಿತು.
ಮೂರು ಗಂಟೆ ಹತ್ತು ನಿಮಿಷದ ಸಭೆಗೆ
ನನಗೆ ಮಂಜೂರಾದದ್ದು ಮೂರು ಪದ:
*ನಿವಾಸಿಗಳು ಕಳವಳ ವ್ಯಕ್ತಪಡಿಸಿದರು.*

ಸುಂಕದವರ ಮುಂದೆ ಸುಖದುಃಖ ಅನ್ನುತ್ತಾರಲ್ಲ,
ಆ ಕಟ್ಟೆಯ ಬಾಗಿಲಲ್ಲೇ ಕೂತಿದ್ದೇನೆ ನಾನು.
ನನ್ನ ಮನೆಯದೂ ಎರಡು ಕಂತು ಬಾಕಿ.
ಯಾರ ಮುಂದೆ ಹೇಳಲಿ, ಗಂಟೆಯ ಮುಂದೆಯೇ?

ಕಸ ಗುಡಿಸುವ ಓಸ್ಮೊ ಭರಣಿ ತೋರಿಸಿ ಕೇಳಿದ,
"ಚೆಲ್ಲಲೇ?"
ಬೇಡ, ಇರಲಿ.

ಬೆಳಿಗ್ಗೆ ಬಂದು ನೋಡುತ್ತೇನೆ:
ಮೇಲಿನ ನೀರು ತಿಳಿಯಾಗಿದೆ,
ಆ ಎಂಟು ಬಾಟಲಿಗಳ ಹಾಗೇ.
ತಳದಲ್ಲಿ ಒಂದು ಬೆರಳು ತುಕ್ಕು.
ಚೀಟಿ ಅಂಟಿಸಿದೆ, ದಿನಾಂಕ ಹಾಕಿದೆ,
*ಸ್ವೀಕರಿಸಲಾಗಿದೆ* ಮೊಹರು ಒತ್ತಿದೆ.
ಕಡತಗಳ ಪಕ್ಕ ಇಡೋಣವೆಂದು ಎತ್ತಿದೆ.

ಎತ್ತಿದ್ದೇ ತಡ,
ಪೂರ್ತಿ ಕದಡಿತು.