ಒತ್ತು

ಕೆ.ಜಿ. ರಸ್ತೆಯ ಕಚೇರಿ, ಮೂರನೇ ಮಹಡಿಯಿಂದ ದೂರು:
‘ಮಿಷನ್ನು ಒತ್ತು ನುಂಗ್ತಾ ಇದೆ.’
ಹದಿನಾರು ವರ್ಷದ ಸರ್ವಿಸಿನಲ್ಲಿ
ಹಾಳೆ ನುಂಗಿದ್ದು ಕಂಡಿದ್ದೇನೆ, ಪಿನ್ನು, ಕ್ಲಿಪ್ಪು,
ಮೆಜೆಸ್ಟಿಕ್ಕಿನ ಲಾಡ್ಜೊಂದರಲ್ಲಿ ಇಡೀ ಜಿರಳೆ ಸಂಸಾರ.
ಒತ್ತು ನುಂಗಿದ್ದು ಇದೇ ಮೊದಲು.

ಚೀಲ ಕೆಳಗಿಟ್ಟು ಹಾಳೆ ನೋಡಿದೆ.
ಪಿಂಚಣಿ ಆದೇಶ. ಫಲಾನುಭವಿಯ ಹೆಸರು: ಅಕಯಮ.
ಬಾಗಿಲ ಪಕ್ಕದ ಬೆಂಚಿನಲ್ಲಿ
ಅಕ್ಕಯ್ಯಮ್ಮ ಕೂತಿದ್ದರು, ಮೂರು ಒತ್ತೂ ಸಮೇತ.
‘ಬ್ಯಾಂಕಿನವರು ಒಪ್ಪಲ್ಲ ಕಣ್ರೀ,’ ಎಂದರು ಆರಾಧ್ಯರು,
‘ಸ್ಕ್ರೀನ್ ಮೇಲೆ ಸರಿಯಾಗೇ ಇದೆಯಲ್ಲ!’
ಸರಿಯಾಗೇ ಇತ್ತು.
ಹಾಳೆಯ ತಲೆಯಲ್ಲಿ ಮಾತ್ರ ಕನಾಟಕ ಸರ್ಕಾರವೆಂದಿರಬೇಕಾದಲ್ಲಿ
ಕನಾಟಕ ಸಕಾರ. ಎರಡು ತಿಂಗಳಿಂದ.
ಅದನ್ನು ಯಾರೂ ಗಮನಿಸಿರಲಿಲ್ಲ, ಈಗ ನಾನೂ ತಪ್ಪು ಓದಿದೆ.

ಸ್ಕ್ರೀನಿಗೂ ಹಾಳೆಗೂ ನಡುವೆ ಒಬ್ಬನಿದ್ದಾನೆ.
ಹಿಂದಿನ ತಗಡು ಬಿಚ್ಚಿದರೆ ಸಿಗುತ್ತಾನೆ:
ಹಸಿರು ಹಲಗೆ, ಪುಟ್ಟ ಫ್ಯಾನು,
ಎರಡು ಪಟ್ಟಿ ಮೆಮೊರಿ, ಬೆರಳುದ್ದ ಧೂಳು.
ಕಂಟ್ರೋಲರ್.
ಕಂಪ್ಯೂಟರು ಇವನಿಗೆ ಪುಟ ಕೊಡುವುದಿಲ್ಲ,
ಪುಟ ಹೇಗಿರಬೇಕೆಂದು ಹೇಳಿಕಳಿಸುತ್ತದೆ.
ಎಡದಿಂದ ಇಷ್ಟು ಸರಿ, ಇಲ್ಲೊಂದು ಗೆರೆ ಎಳೆ,
ಇಲ್ಲಿ ಮೊಹರು,
ಇಲ್ಲಿ ಇಂಥ ಫಾಂಟಿನ ಇಂಥ ನಂಬರಿನ ಅಕ್ಷರ.
ಇವನು ಎಲ್ಲ ಕೇಳಿಸಿಕೊಂಡು
ಎಲ್ಲವನ್ನೂ ಚುಕ್ಕಿ ಮಾಡುತ್ತಾನೆ.
ಒಂದು ಎ-ಫೋರ್ ಹಾಳೆಗೆ ಮೂರೂವರೆ ಕೋಟಿ ಚುಕ್ಕಿ,
ಒಂದೊಂದಕ್ಕೂ ಲೇಸರಿಗೆ ಒಂದೇ ಮಾತು:
ಹೊತ್ತಿಕೋ, ಇಲ್ಲವೇ ಆರು.
ಬೂದು ಬಣ್ಣ ಅವನಲ್ಲಿಲ್ಲ.
ಕರಿ ಚುಕ್ಕಿಗಳನ್ನು ಒಂದಿಷ್ಟು ದೂರ ದೂರ ಕೂರಿಸಿ
ನಮ್ಮ ಕಣ್ಣನ್ನೇ ಬೂದು ಅನ್ನಿಸುತ್ತಾನೆ.
ಹಾಳೆ ಒಮ್ಮೆ ಹೊರಟಿತೋ, ಡ್ರಮ್ಮು ಯಾರಿಗೂ ಕಾಯದು;
ಕೈ ಅಡ್ಡ ಹಿಡಿದರೆ ನಿಲ್ಲಲು ಅದೇನು ಶಿವಾಜಿನಗರದ ಬಸ್ಸೇ?
ಕಟ್ಟಕಡೆಯ ಸಾಲಿನ ಚುಕ್ಕಿಯೂ
ಹೊತ್ತಿಗೆ ಸರಿಯಾಗಿ ಒದಗಬೇಕು.

ಇಷ್ಟು ಬಲ್ಲವನಿಗೆ ಓದು ಬಾರದು.
ಹಿಂದೆ ಬಂದ ಯಾವನೋ ನನ್ನಂಥವನು
ಹಳೆಯ ಫಾಂಟೊಂದನ್ನು ಇವನ ನೆನಪಿಗೆ ತುಂಬಿ ಹೋಗಿದ್ದಾನೆ.
ಹೆಸರು ಅದೇ, ಒಳಗೆ ಒತ್ತುಗಳ ಮನೆ ಖಾಲಿ.
ಖಾಲಿ ಮನೆಗೆ ಖಾಲಿ ಚುಕ್ಕಿ.
ಇವನ ಲೆಕ್ಕದಲ್ಲಿ ತಪ್ಪೇ ಆಗಿಲ್ಲ.

‘ಅದುಕ್ಕೂ ಓದು ಬರಾಕಿಲ್ವಾ?’ ಅಕ್ಕಯ್ಯಮ್ಮ ಕೇಳಿದರು.
ಇಲ್ಲಮ್ಮ, ಎಂದೆ.
‘ಬುಡು. ನಾನೇನ್ ಬೋರ್ಡು ಓದ್ಕಂಡು ಗುಡುಸ್ದ್ನಾ?
ಮೂವತ್ತೊಂದು ವರ್ಸ, ಮಾವಳ್ಳಿ,
ಒಂದು ಬೀದಿ ತಪ್ಪುಸ್ಲಿಲ್ಲ.’

ಸೆಟ್ಟಿಂಗ್ಸ್ ತೆರೆದು ಒಂದು ಟಿಕ್ಕು ಬದಲಿಸಿದೆ:
ಅಕ್ಷರವಾಗಿ ಬೇಡ, ಚಿತ್ರವಾಗಿ ಕಳಿಸು.
ನಂಬರು ಹೇಳಬೇಡ ಅವನಿಗೆ, ಮುಖ ತೋರಿಸು.
ಚಿತ್ರ ಭಾರ; ಹಸಿರು ದೀಪ ಮಿಟುಕಿತು, ಮಿಟುಕಿತು,
ಆರಾಧ್ಯರು ಗಡಿಯಾರ ನೋಡಿ ಊಟಕ್ಕೆದ್ದರು.
ಆಮೇಲೆ ಬಂತು, ಕಾವಲಿಯಿಂದ ಎದ್ದಷ್ಟು ಬಿಸಿ.
ಅ, ಕ, ಯ, ಮ;
ಕಾಲಬುಡದಲ್ಲಿ ಕೂತ ಮಕ್ಕಳ ಹಾಗೆ ಮೂರು ಒತ್ತು.
ಅಕ್ಕಯ್ಯಮ್ಮ ಓದಲಿಲ್ಲ.
ಹಾಳೆಯನ್ನು ಎರಡೂ ಅಂಗೈ ನಡುವೆ ಹಿಡಿದು
ಬಿಸಿ ಆರುವ ತನಕ ಸುಮ್ಮನಿದ್ದರು.

ಉಳಿದದ್ದು ನನ್ನ ಸರ್ವಿಸ್ ರಿಪೋರ್ಟು.
ದೂರು: ಒತ್ತು ಬೀಳುತ್ತಿಲ್ಲ.
ಪರಿಹಾರ: ಮಾಡಲಾಗಿದೆ.
ಗ್ರಾಹಕರ ಸಹಿ: ಆರಾಧ್ಯರು ಬರಲು ಇನ್ನೂ ಮುಕ್ಕಾಲು ಗಂಟೆ,
ನನಗೆ ಎರಡಕ್ಕೆ ಪೀಣ್ಯದಲ್ಲಿ ಇನ್ನೊಂದು ಕಾಲು.
‘ಕೊಡಪ್ಪ ಇಲ್ಲಿ, ನಾ ಒತ್ತೀನಿ.’
ಮೇಜಿನ ಇಂಕುಪ್ಯಾಡು ತಾವೇ ಎಳೆದುಕೊಂಡು
ಒತ್ತಿದರು.
ಪೊರಕೆ ಹಿಡಿ ಸವೆಸಿದ ಹೆಬ್ಬೆರಳು:
ಅಂಚಿನಲ್ಲಿ ನಾಲ್ಕು ಗೆರೆ, ನಡುವೆ ಬರಿ ಬಯಲು.

ಸಂಜೆ ಹೆಡ್ ಆಫೀಸಿನಿಂದ ನೌಷೀನ್ ಫೋನು:
‘ಸಾರ್, ನಿಮ್ಮ ರಿಪೋರ್ಟ್ ಮೇಲೆ ಟೋನರ್ ಚೆಲ್ಲಿದೆ.
ಇನ್ನೊಂದು ಕಾಪಿ ಕಳಿಸ್ತೀರಾ?’
ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ, ಹೆಲ್ಮೆಟ್ಟಿನೊಳಗಿಂದ,
ಇನ್ನೊಂದು ಕಾಪಿ ಇಲ್ಲ ಎಂದೆ.